ಆಪರೇಷನ್ ಮಾಡಿಸಬೇಕಾ? ಐದನೇ ವರ್ಷದವರನ್ನು ಕೇಳಿ

(ಮಾಟುಂಗಾದಲ್ಲಿ ನಮ್ಮ ಕನ್ನಡದವರು ಸೇರಿದ್ದ ಒಂದು ಸಂಜೆ ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ಬಗ್ಗೆ ಆಡಿದ ಮಾತು ಇದು. ಮಾತಾಡುವಾಗ ಹಿಂದೆ ಮುಂದೆ ಆದದ್ದನ್ನು ಸರಿ ಮಾಡಿ ಬರೆದಿದ್ದೇನೆ. ಕೇಳುಗರ ಪ್ರಶ್ನೆಗಳನ್ನು ಅಲ್ಲಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ನಾನು ಸರ್ಜನ್ ಅಲ್ಲ. ಡಯಟೀಷಿಯನ್. ತೂಕ ಇಳಿಸುವ ಆಪರೇಷನ್‌ಗೆ ಬರುವವರ ಜೊತೆ ಮುಂಚೆ ಕೂತು ಮಾತಾಡುವುದು, ಆಮೇಲೆ ವರ್ಷಗಟ್ಟಲೆ ಅವರ ಊಟ, ಮಾತ್ರೆ, ರಕ್ತಪರೀಕ್ಷೆ ನೋಡಿಕೊಳ್ಳುವುದು ನನ್ನ ಕೆಲಸ. ಸರ್ಜನ್‌ಗೆ ನಿಮ್ಮ ಹೊಟ್ಟೆಯೊಳಗೆ ಒಂದೆರಡು ಗಂಟೆ ಕೆಲಸ ಇರುತ್ತದೆ. ನನಗೆ ನಿಮ್ಮ ತಟ್ಟೆಯ ಮುಂದೆ ಹತ್ತು ವರ್ಷ ಇರುತ್ತದೆ. ಅದಕ್ಕೇ ನನ್ನ ಅಭಿಪ್ರಾಯ ಆಸ್ಪತ್ರೆಯ ಬ್ಯಾನರ್‌ನಲ್ಲಿ ಇರುವುದಕ್ಕಿಂತ ಸ್ವಲ್ಪ ಬೇರೆ.

ಬ್ಯಾನರ್‌ನಲ್ಲಿ ಏನಿರುತ್ತದೆ? ಎರಡು ಫೋಟೋ. ಎಡಗಡೆ ದಪ್ಪ, ಬಲಗಡೆ ತೆಳ್ಳಗೆ. ಬಲಗಡೆಯದು ಸಾಮಾನ್ಯವಾಗಿ ಮೊದಲ ವರ್ಷದ್ದು. ಮೊದಲ ವರ್ಷ ಹೆಚ್ಚಿನವರಿಗೆ ಚೆನ್ನಾಗಿಯೇ ಹೋಗುತ್ತದೆ. ಹಸಿವು ಇರುವುದಿಲ್ಲ, ತೂಕ ತಾನೇ ಇಳಿಯುತ್ತದೆ, ಹಳೇ ಬಟ್ಟೆ ಎಲ್ಲ ದೊಡ್ಡದಾಗುತ್ತವೆ. ಅದನ್ನು ನೋಡಿ ತೀರ್ಮಾನ ಮಾಡಬೇಡಿ. ಐದು ವರ್ಷ ಆದವರು ಹೇಗಿದ್ದಾರೆ ಅಂತ ನೋಡಿ ಮಾಡಿ. ಇವತ್ತು ನಾನು ಏನೇ ಹೇಳಿದರೂ ಈ ಮಾತಿನ ಸುತ್ತಲೇ ಹೇಳುತ್ತೇನೆ.

ನಮ್ಮ ಮುಂಬೈಯವರಿಗೆ ಈ ಆಪರೇಷನ್ ಹೊಸದೇನಲ್ಲ. 2011ರಲ್ಲಿ ನಿತಿನ್ ಗಡ್ಕರಿ ಇಲ್ಲೇ ಮುಂಬೈಯಲ್ಲಿ ಮಾಡಿಸಿಕೊಂಡರು. ಆಗ ಸುಮಾರು ಜನ ಈ ಆಪರೇಷನ್ ಬಗ್ಗೆ ಮೊದಲ ಸಲ ಕೇಳಿದರು. 2017ರಲ್ಲಿ ಈಜಿಪ್ಟ್‌ನ ಎಮಾನ್ ಅಹ್ಮದ್ ಅವರನ್ನು ವಿಮಾನದಲ್ಲಿ ಕರೆತಂದು, ಕ್ರೇನ್‌ನಿಂದ ಎತ್ತಿ ಚರ್ನಿ ರೋಡ್‌ನ ಸೈಫಿ ಆಸ್ಪತ್ರೆಗೆ ಸೇರಿಸಿದ್ದನ್ನು ಟೀವಿಯಲ್ಲಿ ನೀವೆಲ್ಲ ನೋಡಿರುತ್ತೀರಿ. ಅವರ ತೂಕ ಸುಮಾರು 500 ಕೆಜಿ ಅಂತ ಸುದ್ದಿಯಾಗಿತ್ತು. ಆ ಸುದ್ದಿ ಒಂದು ತಪ್ಪು ಕಲ್ಪನೆ ಬಿಟ್ಟು ಹೋಯಿತು. ಕ್ರೇನ್ ಬೇಕಾಗುವಷ್ಟು ದಪ್ಪ ಇದ್ದವರಿಗೆ ಮಾತ್ರ ಇದು ಅಂತ. ಹಾಗೇನಿಲ್ಲ. ನನ್ನ ಹತ್ತಿರ ಬರುವವರು ಡೊಂಬಿವಲಿ ಫಾಸ್ಟ್ ಲೋಕಲ್ ರೈಲು ಹಿಡಿದು ಆಫೀಸಿಗೆ ಹೋಗುವವರು, ಹೋಟೆಲ್ ಗಲ್ಲಾದಲ್ಲಿ ಕೂರುವವರು, ಮಕ್ಕಳನ್ನು ಸ್ಕೂಲಿಗೆ ಬಿಟ್ಟು ಬರುವ ತಾಯಂದಿರು. ಮಾಮೂಲಿ ಜನ.

ಹಾಗಾದರೆ ಯಾರಿಗೆ? ಬಿಎಂಐ ಲೆಕ್ಕ ನಿಮಗೆ ಗೊತ್ತಿರಬಹುದು. ಕೆಜಿ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಬೇಕು. 1991ರಲ್ಲಿ ಅಮೆರಿಕದಲ್ಲಿ ಮಾಡಿದ ನಿಯಮದಲ್ಲಿ 40ರ ಮೇಲಿದ್ದರೆ, ಅಥವಾ 35ರ ಮೇಲಿದ್ದು ಗಂಭೀರ ಕಾಯಿಲೆ ಜೊತೆಗಿದ್ದರೆ ಆಪರೇಷನ್ ಅಂತಿತ್ತು. 2022ರಲ್ಲಿ ಅಮೆರಿಕದ ಮತ್ತು ಅಂತಾರಾಷ್ಟ್ರೀಯ ಸರ್ಜನ್‌ಗಳ ಸಂಘಗಳು ಅದನ್ನು ಸಡಿಲ ಮಾಡಿದವು. ಈಗ 35ರ ಮೇಲಿದ್ದರೆ ಬೇರೆ ಕಾಯಿಲೆ ಇಲ್ಲದಿದ್ದರೂ ಸಲಹೆ ಮಾಡುತ್ತಾರೆ. 30ರ ಮೇಲಿದ್ದು ಶುಗರ್‌ನಂಥ ತೊಂದರೆ ಇದ್ದರೆ ಯೋಚಿಸಬಹುದು. ನಮ್ಮಂಥ ಏಷ್ಯಾದವರಿಗೆ 27.5ರಿಂದಲೇ ಯೋಚಿಸಬಹುದು ಅನ್ನುತ್ತಾರೆ. ಯಾಕೆಂದರೆ ನಮಗೆ ಕೊಬ್ಬು ಹೊಟ್ಟೆಯ ಸುತ್ತಲೇ ಜಾಸ್ತಿ ಸೇರುತ್ತದೆ, ಕಡಿಮೆ ತೂಕಕ್ಕೇ ಶುಗರ್ ಬರುತ್ತದೆ. ಅಂದಾಜಿಗೆ ಹೇಳುತ್ತೇನೆ, 162 ಸೆಂಟಿಮೀಟರ್ ಎತ್ತರದ ಹೆಂಗಸಿಗೆ ಬಿಎಂಐ 30 ಅಂದರೆ ಸುಮಾರು 79 ಕೆಜಿ, 35 ಅಂದರೆ ಸುಮಾರು 92 ಕೆಜಿ.

ಆದರೆ ನಂಬರ್ ಬಾಗಿಲು ಮಾತ್ರ ತೆರೆಯುತ್ತದೆ. ಒಳಗೆ ಹೋಗಬೇಕೋ ಬೇಡವೋ ಅನ್ನುವುದು ಬೇರೆ ಪ್ರಶ್ನೆ. ನಾನು ಎಲ್ಲರಿಗೂ ಕೇಳುವುದು ಇದನ್ನೇ: "ಯಾವ ಕಾಯಿಲೆಗೆ ಮಾಡಿಸ್ತಿದೀರಿ?" ಶುಗರ್‌ಗೆ, ಬಿಪಿಗೆ, ರಾತ್ರಿ ಉಸಿರು ಕಟ್ಟುವುದಕ್ಕೆ, ಲಿವರ್‌ನ ಕೊಬ್ಬಿಗೆ, ಮೊಣಕಾಲಿಗೆ... ಉತ್ತರ ಹೀಗೆ ಬಂದರೆ ಮಾತು ಮುಂದುವರಿಸಬಹುದು. "ಎಲ್ಲರೂ ದಪ್ಪ ಅಂತಾರೆ, ಅದಕ್ಕೆ" ಅಂದರೆ ಇನ್ನೂ ಸ್ವಲ್ಪ ದಿನ ಯೋಚಿಸಿ ಅನ್ನುತ್ತೇನೆ.

ಈ "ಎಲ್ಲರೂ ಅಂತಾರೆ" ಅನ್ನುವುದರ ನೋವು ನನಗೆ ಗೊತ್ತಿಲ್ಲದ್ದೇನಲ್ಲ. ನಮ್ಮ ಲೋಕಲ್‌ನಲ್ಲಿ ಮೂರು ಜನರ ಸೀಟಿಗೆ ನಾಲ್ಕನೆಯವರು ಕೂರುತ್ತಾರಲ್ಲ, ಆ ನಾಲ್ಕನೇ ಸೀಟು. ಮೂವರಲ್ಲಿ ಒಬ್ಬರು ದಪ್ಪ ಇದ್ದರೆ ನಾಲ್ಕನೆಯವರಿಗೆ ಜಾಗ ಸಿಗುವುದಿಲ್ಲ. ನಿಂತವರು ಬಾಯಿ ಬಿಟ್ಟು ಏನೂ ಹೇಳುವುದಿಲ್ಲ. ಸುಮ್ನೆ ನೋಡುತ್ತಾರೆ. ಠಾಣೆಯಿಂದ ದಾದರ್‌ವರೆಗೂ ನೋಡುತ್ತಾರೆ. ನನ್ನ ಪೇಷಂಟ್ ಒಬ್ಬರು ಸೀಟು ಖಾಲಿ ಇದ್ದರೂ ಬಾಗಿಲ ಹತ್ತಿರ ನಿಂತೇ ಹೋಗುತ್ತಿದ್ದರು, ಮೊಣಕಾಲು ನೋವು ಇಟ್ಟುಕೊಂಡು.

ಇನ್ನು ನೆಂಟರು. "ಬಾಯಿ ಕಟ್ಟಿದರೆ ಸಾಕಪ್ಪಾ, ಆಪರೇಷನ್ ಯಾಕೆ?" ಅಂತ. ಬಾಯಿ ಕಟ್ಟದೇ ಇದ್ದವರು ಯಾರೂ ನನ್ನ ಹತ್ತಿರ ಬಂದಿಲ್ಲ. ಕಟ್ಟಿ ಹತ್ತು ಕೆಜಿ ಇಳಿಸಿ, ಹನ್ನೆರಡು ಕೆಜಿ ವಾಪಸ್ ಪಡೆದವರೇ ಎಲ್ಲರೂ. ತೂಕ ಇಳಿದಾಗ ದೇಹ ಅದನ್ನು ಬರಗಾಲ ಅಂದುಕೊಳ್ಳುತ್ತದೆ. ಹಸಿವಿನ ಹಾರ್ಮೋನು ಗ್ರೆಲಿನ್ ಏರುತ್ತದೆ, ಹೊಟ್ಟೆ ತುಂಬಿತು ಅಂತ ಹೇಳುವ ಹಾರ್ಮೋನುಗಳು ಇಳಿಯುತ್ತವೆ, ಸುಮ್ಮನೆ ಕೂತಾಗ ಖರ್ಚಾಗುವ ಶಕ್ತಿಯೂ ಕಡಿಮೆಯಾಗುತ್ತದೆ. ಇದರ ವಿರುದ್ಧ ಬರೀ ಮನಸ್ಸು ಗಟ್ಟಿ ಮಾಡಿ ವರ್ಷಗಟ್ಟಲೆ ನಿಲ್ಲುವುದು ಬಹಳ ಕಷ್ಟ. ಆಪರೇಷನ್ ಕೆಲಸ ಮಾಡುವುದೂ ಮುಖ್ಯವಾಗಿ ಇಲ್ಲೇ. ಹೊಟ್ಟೆಯ ಗಾತ್ರ ಚಿಕ್ಕದಾಗುವುದು ಒಂದು ಭಾಗ. ಹಸಿವಿನ ಹಾರ್ಮೋನುಗಳ ಲೆಕ್ಕವೇ ಬದಲಾಗುವುದು ದೊಡ್ಡ ಭಾಗ. ಆದ್ದರಿಂದ ಇದನ್ನು ಸೋಮಾರಿಗಳ ದಾರಿ ಅನ್ನುವವರ ಮಾತು ಕೇಳಬೇಡಿ.

ಆಪರೇಷನ್ ವಿಧಗಳನ್ನು ಬೇಗ ಹೇಳಿ ಮುಗಿಸುತ್ತೇನೆ, ಸರ್ಜನ್ ಚಿತ್ರ ಬಿಡಿಸಿ ಹೇಳುತ್ತಾರೆ. ಸ್ಲೀವ್ ಅಂದರೆ ಜಠರದ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಕತ್ತರಿಸಿ ಹೊರಗೆ ತೆಗೆಯುತ್ತಾರೆ, ಬಾಳೆಹಣ್ಣಿನಂಥ ಕೊಳವೆ ಉಳಿಯುತ್ತದೆ. ತೆಗೆದದ್ದನ್ನು ಮತ್ತೆ ಜೋಡಿಸಲು ಆಗುವುದಿಲ್ಲ. ಬೈಪಾಸ್ ಅಂದರೆ ಜಠರದ ಮೇಲ್ಭಾಗದಲ್ಲಿ ಚಿಕ್ಕ ಚೀಲ ಮಾಡಿ, ಸುಮಾರು 30 ಮಿಲಿಯದ್ದು, ಅದನ್ನು ನೇರ ಕರುಳಿಗೆ ಜೋಡಿಸುತ್ತಾರೆ. ಮಿನಿ ಬೈಪಾಸ್ ಅಂತ ಇನ್ನೊಂದಿದೆ, ಒಂದೇ ಜೋಡಣೆ ಇರುವುದು. ನಮ್ಮಲ್ಲಿ ಅದನ್ನೂ ಮಾಡುತ್ತಾರೆ. ನೆನಪಿಡಬೇಕಾದದ್ದು ಎರಡು. ಎದೆಯುರಿ, ಹುಳಿತೇಗು ಮೊದಲೇ ಜೋರಾಗಿದ್ದರೆ ಸ್ಲೀವ್‌ನಿಂದ ಅದು ಹೆಚ್ಚಾಗಬಹುದು. ಹಾಗಾಗಿ ಮೊದಲು ಎಂಡೋಸ್ಕೋಪಿ ಮಾಡಿಸಿ. ಬೈಪಾಸ್ ಆದವರು ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ತಿನ್ನಬಾರದು, ಜೋಡಣೆಯ ಜಾಗದಲ್ಲಿ ಹುಣ್ಣಾಗುತ್ತದೆ. ಸಂಧಿವಾತಕ್ಕೆ ದಿನಾ ಆ ಮಾತ್ರೆ ನುಂಗುವವರು ಇದನ್ನು ಮೊದಲೇ ಹೇಳಬೇಕು.

"ಮೇಡಂ, ಸತ್ತು ಹೋಗುವ ಅಪಾಯ ಎಷ್ಟು?" ಅಂತ ಮುಂದಿನ ಸಾಲಿನಿಂದ ಒಬ್ಬರು ನೇರವಾಗಿ ಕೇಳಿದರು. ನೇರವಾಗಿಯೇ ಹೇಳುತ್ತೇನೆ. 2009ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನದಲ್ಲಿ ಮೊದಲ 30 ದಿನದಲ್ಲಿ ಸತ್ತವರು ಸಾವಿರಕ್ಕೆ ಮೂವರು. ಈಗ ಒಳ್ಳೆಯ ಕೇಂದ್ರಗಳಲ್ಲಿ ಇನ್ನೂ ಕಡಿಮೆ. ಪಿತ್ತಕೋಶ ತೆಗೆಯುವ ಆಪರೇಷನ್‌ನ ಹತ್ತಿರ ಹತ್ತಿರ. ಹೊಲಿಗೆಯ ಜಾಗದಲ್ಲಿ ಸೋರುವುದು, ರಕ್ತಸ್ರಾವ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು, ಇವು ಅಪರೂಪಕ್ಕೆ ಆಗುತ್ತವೆ. ಮನೆಗೆ ಬಂದ ಮೇಲೆ ಜ್ವರ, ಎದೆಬಡಿತ ಜೋರಾಗುವುದು, ಹೊಟ್ಟೆ ಅಥವಾ ಎಡ ಭುಜದ ನೋವು ಕಂಡರೆ "ಗ್ಯಾಸ್ ಇರಬೇಕು" ಅಂತ ಬೆಳಗಿನವರೆಗೆ ಕಾಯಬೇಡಿ. ಹಾಗೇ ಇನ್ನೊಂದು ಕಡೆಯ ಲೆಕ್ಕವೂ ಇದೆ. ಸ್ವೀಡನ್‌ನಲ್ಲಿ 1987ರಿಂದ ಆಪರೇಷನ್ ಆದ ಎರಡು ಸಾವಿರ ಜನರನ್ನೂ ಅದೇ ಥರದ, ಆಪರೇಷನ್ ಆಗದ ಎರಡು ಸಾವಿರ ಜನರನ್ನೂ ನೋಡುತ್ತಾ ಬಂದಿದ್ದಾರೆ. 2020ರಲ್ಲಿ ಬಂದ ವರದಿ ಪ್ರಕಾರ ಆಪರೇಷನ್ ಆದವರು ಸುಮಾರು ಮೂರು ವರ್ಷ ಜಾಸ್ತಿ ಬದುಕಿದರು. ಆದರೂ ಊರಿನ ಉಳಿದ ಜನರಿಗಿಂತ ಸುಮಾರು ಐದೂವರೆ ವರ್ಷ ಕಡಿಮೆಯೇ. ಬ್ಯಾನರ್‌ನಲ್ಲಿ ಮೊದಲನೇ ವಾಕ್ಯ ಹಾಕುತ್ತಾರೆ, ಎರಡನೆಯದು ಹಾಕುವುದಿಲ್ಲ.

ಈಗ ನನ್ನ ವಿಷಯಕ್ಕೆ ಬರುತ್ತೇನೆ. ಊಟ.

ಆಪರೇಷನ್ ಆಗಿ ಮೊದಲ ಎರಡು ವಾರ ಬರೀ ದ್ರವ. ತಿಳಿಸಾರು, ಮಜ್ಜಿಗೆ, ಸೋಸಿದ ಬೇಳೆಕಟ್ಟು, ಎಳನೀರು, ಪ್ರೋಟೀನ್ ಪುಡಿ ಕದಡಿದ ಹಾಲು. ಆಮೇಲೆ ಎರಡು ವಾರ ನುಣ್ಣಗೆ ಅರೆದದ್ದು. ನಮ್ಮ ಕುಚಲಕ್ಕಿ ಗಂಜಿಯನ್ನೂ ಮಿಕ್ಸಿಗೆ ಹಾಕಿಯೇ ಕೊಡಬೇಕು. ಆಮೇಲೆ ಮೆತ್ತಗಿನದು. ಎರಡು ತಿಂಗಳ ಹೊತ್ತಿಗೆ ಮಾಮೂಲಿ ಊಟ, ಆದರೆ ಅಳತೆ ಬೇರೆ. ಆಗ ಒಂದು ಇಡ್ಲಿ ತಿನ್ನುವುದನ್ನು ನೋಡಬೇಕು. ಕಡಲೆಕಾಳಿನಷ್ಟು ಚೂರು ಮಾಡಿ, ಬಾಯಲ್ಲಿ ನೀರಾಗುವವರೆಗೆ ಅಗಿದು, ಚಮಚ ಕೆಳಗಿಟ್ಟು, ಸ್ವಲ್ಪ ತಡೆದು ಮುಂದಿನ ಚೂರು. ಅರ್ಧ ಇಡ್ಲಿಗೆ ಇಪ್ಪತ್ತು ನಿಮಿಷ. ನಡುವೆ ನೀರು ಕುಡಿಯುವ ಹಾಗಿಲ್ಲ, ಊಟ ಆಗಿ ಅರ್ಧ ಗಂಟೆ ಬಿಟ್ಟು ಕುಡಿಯಬೇಕು. ಒಂದು ಚೂರು ಜಾಸ್ತಿಯಾದರೆ ಎದೆ ಒತ್ತಿದ ಹಾಗಾಗಿ, ಬಾಯಲ್ಲಿ ಜೊಲ್ಲು ತುಂಬಿ, ಎದ್ದು ಓಡಬೇಕು. ಬೈಪಾಸ್ ಆದವರು ಮದುವೆಮನೆಯಲ್ಲಿ ಒಂದು ಹೋಳಿಗೆ ತಿಂದರೆ ಬೆವರು, ತಲೆಸುತ್ತು, ಭೇದಿ. ಡಂಪಿಂಗ್ ಅನ್ನುತ್ತಾರೆ ಇದಕ್ಕೆ. ಪಂಕ್ತಿಯಲ್ಲಿ ಬಡಿಸುವವರು "ಅಯ್ಯೋ, ಏನೂ ತಿಂದೇ ಇಲ್ಲ, ಇನ್ನೊಂದು ಹಾಕಿಸ್ಕೊಳ್ಳಿ" ಅಂತ ನಿಲ್ಲುತ್ತಾರಲ್ಲ, ಅವರಿಗೆ ಏನು ಹೇಳುವುದು ಅಂತ ಈಗಲೇ ಯೋಚಿಸಿಟ್ಟುಕೊಳ್ಳಿ. ತಮಾಷೆಗೆ ಹೇಳುತ್ತಿಲ್ಲ. ನಮ್ಮವರಲ್ಲಿ ಊಟ ಅಂದರೆ ನಾಲ್ಕು ಜನರ ಜೊತೆಗಿನ ವಿಷಯ, ಅದು ಬದಲಾಗುತ್ತದೆ.

ಅರ್ಧ ಇಡ್ಲಿ ಜಾಗದಲ್ಲಿ ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಸೇರಿಸುವುದು ಹೇಗೆ? ಅದೇ ನನಗೆ ದಿನದ ತಲೆನೋವು. ಅದಕ್ಕೇ ಅನ್ನ, ದೋಸೆ ಆಮೇಲೆ. ಮೊದಲು ಮೊಟ್ಟೆ, ಮೀನು, ಪನೀರು, ಗಟ್ಟಿ ಮೊಸರು, ಬೇಳೆ. ಬಂಗುಡೆ ತಿನ್ನುವವರಿಗೆ ಸ್ವಲ್ಪ ಸುಲಭ. ಶುದ್ಧ ಸಸ್ಯಾಹಾರಿಗಳಿಗೆ, ಅದರಲ್ಲೂ ಈರುಳ್ಳಿ ಬೆಳ್ಳುಳ್ಳಿಯನ್ನೂ ಬಿಟ್ಟವರ ಮನೆಯಲ್ಲಿ, ಪ್ರೋಟೀನ್ ಪುಡಿ ಇಲ್ಲದೆ ಮೊದಲ ಆರು ತಿಂಗಳು ಆಗುವುದೇ ಇಲ್ಲ ಅನ್ನಬಹುದು. ಪ್ರೋಟೀನ್ ಕಡಿಮೆಯಾದರೆ ಮೂರರಿಂದ ಆರನೇ ತಿಂಗಳಲ್ಲಿ ಕೂದಲು ಉದುರುವುದು ಇನ್ನೂ ಜೋರಾಗುತ್ತದೆ. ಕೂದಲು ಸಾಮಾನ್ಯವಾಗಿ ವಾಪಸ್ ಬರುತ್ತದೆ. ಜೋತುಬಿದ್ದ ಚರ್ಮ ಬರೀ ವ್ಯಾಯಾಮದಿಂದ ಪೂರ್ತಿ ಹೋಗುವುದಿಲ್ಲ.

ಆಪರೇಷನ್ ಬಗ್ಗೆ ಯೋಚಿಸುವವರಿಗೆ ನಾನೊಂದು ವಾರದ ಅಭ್ಯಾಸ ಕೊಡುತ್ತೇನೆ. ಇದು ಪುಸ್ತಕದಲ್ಲಿ ಇರುವುದಲ್ಲ, ನನ್ನದೇ ಪದ್ಧತಿ. ಊಟದ ಜೊತೆ ನೀರು ಬೇಡ. ಒಂದು ಚಿಕ್ಕ ಬಟ್ಟಲನ್ನು ಇಪ್ಪತ್ತು ನಿಮಿಷ ತಿನ್ನಿ. ಅನ್ನಕ್ಕೆ ಮುಂಚೆ ಬೇಳೆಯೋ ಮೊಟ್ಟೆಯೋ. ಮಲ್ಟಿವಿಟಮಿನ್ ದಿನಾ, ಕ್ಯಾಲ್ಸಿಯಂ ಬೇರೆ ಹೊತ್ತಿಗೆ. (ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ತಮ್ಮ ಡಾಕ್ಟರನ್ನು ಕೇಳದೆ ಊಟ ಕಡಿಮೆ ಮಾಡಬಾರದು.) ಒಬ್ಬ ಟೀಚರ್, ಬಿಎಂಐ 33, ಶುಗರ್ ಈಗಷ್ಟೇ ಶುರುವಾಗಿತ್ತು, ನಾಲ್ಕೇ ದಿನಕ್ಕೆ ಫೋನ್ ಮಾಡಿದರು. "ಇದು ನನ್ನಿಂದ ಆಗಲ್ಲ ಮೇಡಂ. ಎಂಟು ನಿಮಿಷ ರಿಸೆಸ್, ಅದರಲ್ಲೇ ಊಟ, ಅದರಲ್ಲೇ ನೋಟ್‌ಬುಕ್." ಅವರು ಆಪರೇಷನ್ ಬೇಡ ಅಂದರು. ಮಾತ್ರೆ, ನಡಿಗೆ, ಊಟದಲ್ಲೇ ಮುಂದುವರಿದಿದ್ದಾರೆ. ಅದು ಸೋಲು ಅಂತ ನಾನು ಬರೆದುಕೊಳ್ಳಲಿಲ್ಲ. ತಿಳಿದು ಬೇಡ ಅಂದವರು ತಿಳಿಯದೆ ಹೂಂ ಅಂದವರಿಗಿಂತ ಎಷ್ಟೋ ಮೇಲು.

ಇನ್ನೊಬ್ಬರು ಘಾಟ್‌ಕೋಪರ್ ಕಡೆಯ ಹೋಟೆಲಿನವರು. ಹೋಟೆಲಿನವರ ಊಟದ ಟೈಮ್ ನಿಮಗೆ ಗೊತ್ತಲ್ಲ, ಶಟರ್ ಎಳೆದ ಮೇಲೆ ರಾತ್ರಿ ಹನ್ನೆರಡಕ್ಕೆ ಹೊಟ್ಟೆ ತುಂಬಾ. ಹನ್ನೊಂದು ವರ್ಷದ ಶುಗರ್, ಇನ್ಸುಲಿನ್ ಬೇರೆ. ಹಗಲು ಗಲ್ಲಾದಲ್ಲಿ ಕೂತಲ್ಲೇ ತೂಕಡಿಸುತ್ತಿದ್ದರು. ರಾತ್ರಿ ಗೊರಕೆಯ ನಡುವೆ ಉಸಿರು ನಿಂತುಬಿಡುವುದು, ಹೆಂಡತಿ ಎಚ್ಚರ ಇದ್ದು ಅಲುಗಾಡಿಸುವುದು. ಪರೀಕ್ಷೆ ಮಾಡಿದರೆ ಜೋರಾದ ಸ್ಲೀಪ್ ಅಪ್ನಿಯಾ. ಬೈಪಾಸ್ ಆಯಿತು. ಇವರ ಐದನೇ ವರ್ಷದ ಲೆಕ್ಕ ಹೀಗಿದೆ. ಇಳಿದ ತೂಕದಲ್ಲಿ ಸ್ವಲ್ಪ ವಾಪಸ್ ಬಂದಿದೆ. ಶುಗರ್ ಎರಡು ವರ್ಷ ಮಾತ್ರೆ ಇಲ್ಲದೆ ಇತ್ತು, ಈಗ ಒಂದು ಮಾತ್ರೆ ಬೇಕು. ಇನ್ಸುಲಿನ್ ಇಲ್ಲ. ಮೂಗಿಗೆ ಹಾಕುವ ಮೆಷಿನ್ ಇಲ್ಲದೆ ಮಲಗುತ್ತಾರೆ. ಹೆಂಡತಿಯೂ ಮಲಗುತ್ತಾರೆ. "ಪೂರ್ತಿ ಗುಣ ಆಗಲಿಲ್ಲ ಅಲ್ವಾ?" ಅಂತ ಅವರ ಅಣ್ಣ ನನ್ನನ್ನು ಕೇಳಿದರು. ಆಗಲಿಲ್ಲ. ಆಗುತ್ತದೆ ಅಂತ ಯಾರೂ ಹೇಳಬಾರದಿತ್ತು.

ಇದಕ್ಕೂ ಅಧ್ಯಯನ ಇದೆ. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನವರು ಶುಗರ್ ಇದ್ದ 150 ಜನರನ್ನು ಮೂರು ಗುಂಪು ಮಾಡಿ ಐದು ವರ್ಷ ನೋಡಿದರು, 2017ರಲ್ಲಿ ಪ್ರಕಟಿಸಿದರು. ಮೂರು ತಿಂಗಳ ಸರಾಸರಿ ಶುಗರ್ (ಎಚ್‌ಬಿಎ1ಸಿ ಪರೀಕ್ಷೆ) ಶೇ. 6ಕ್ಕೋ ಅದಕ್ಕಿಂತ ಕೆಳಗೋ ಇಳಿದದ್ದು ಬೈಪಾಸ್ ಆದವರಲ್ಲಿ ಶೇ. 29, ಸ್ಲೀವ್ ಆದವರಲ್ಲಿ ಶೇ. 23, ಬರೀ ಔಷಧಿಯವರಲ್ಲಿ ಶೇ. 5. ಔಷಧಿಗಿಂತ ಎಷ್ಟೋ ವಾಸಿ. ಆದರೆ ಹತ್ತರಲ್ಲಿ ಏಳು ಜನ ಆ ಗುರಿ ಮುಟ್ಟಲಿಲ್ಲ ಅನ್ನುವುದನ್ನೂ ಓದಿಕೊಳ್ಳಿ. ಶುಗರ್ ಬಂದು ಕೆಲವೇ ವರ್ಷ ಆಗಿದ್ದರೆ, ಇನ್ಸುಲಿನ್ ಶುರುವಾಗಿಲ್ಲದಿದ್ದರೆ ಫಲ ಜಾಸ್ತಿ. ಹದಿನೈದು ವರ್ಷ ಎಳೆದು "ಕೊನೆಯ ಉಪಾಯ" ಅಂತ ಬರುವವರಿಗೇ ಕಡಿಮೆ ಸಿಗುತ್ತದೆ. ನಮ್ಮವರು ಮಾಡುವುದು ಇದನ್ನೇ, ಏನು ಮಾಡೋದು.

ತೂಕದ ಲೆಕ್ಕಕ್ಕೆ ಬಂದರೆ, ಸಾಮಾನ್ಯವಾಗಿ ಮೊದಲಿದ್ದ ತೂಕದ ಕಾಲುಭಾಗ, ಬೈಪಾಸ್‌ನಲ್ಲಿ ಇನ್ನೂ ಸ್ವಲ್ಪ ಜಾಸ್ತಿ ಇಳಿಯುತ್ತದೆ. 110 ಇದ್ದವರು 80ರ ಹತ್ತಿರ ಬರಬಹುದು. 55ಕ್ಕೆ ಬರುವುದಿಲ್ಲ. ಎರಡನೇ ವರ್ಷದ ನಂತರ ಹಸಿವು ಮೆಲ್ಲಗೆ ಮರಳುತ್ತದೆ. ಆಗ ಬಿಸ್ಕತ್ತು, ಫರ್ಸಾಣ್, ಐಸ್‌ಕ್ರೀಂ ಎಲ್ಲ ಸುಲಭವಾಗಿ ಒಳಗೆ ಇಳಿಯುತ್ತವೆ. ಚಪಾತಿ ಸಿಕ್ಕಿಕೊಳ್ಳುತ್ತದೆ, ಚಕ್ಕುಲಿ ಸಿಕ್ಕಿಕೊಳ್ಳುವುದಿಲ್ಲ. ವಿಚಿತ್ರ, ಆದರೆ ನಿಜ.

ಮಾತ್ರೆ ಜೀವನಪೂರ್ತಿ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ. ನಮ್ಮ ಸಸ್ಯಾಹಾರಿಗಳಿಗೆ ಬಿ12 ಮೊದಲೇ ಕಡಿಮೆ ಇರುತ್ತದೆ. ಮೂರನೇ ವರ್ಷದಲ್ಲಿ "ಈಗ ಚೆನ್ನಾಗಿದೀನಲ್ಲ" ಅಂತ ಮಾತ್ರೆ ಬಿಡುತ್ತಾರೆ, ಐದನೇ ವರ್ಷದಲ್ಲಿ ಪಾದ ಜೋಮು ಹಿಡಿಯಿತು ಅಂತ ಬರುತ್ತಾರೆ. ಮೊದಲ ತಿಂಗಳುಗಳಲ್ಲಿ ದಿನಗಟ್ಟಲೆ ವಾಂತಿ ನಿಲ್ಲದಿದ್ದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಬಿ1 ಖಾಲಿಯಾದರೆ ಕಣ್ಣು, ನಡಿಗೆ, ನೆನಪು ಎಲ್ಲಕ್ಕೂ ಏಟು ಬೀಳುತ್ತದೆ.

ಒಬ್ಬ ತಾಯಿ ಮಗಳನ್ನು ಪಕ್ಕದಲ್ಲೇ ಕೂರಿಸಿಕೊಂಡು ಕೇಳಿದರು, "ಮದುವೆಗೆ ಮುಂಚೆ ಮಾಡಿಸಿದರೆ ಒಳ್ಳೇದಲ್ವಾ?" ಮದುವೆ ಕಾಯಿಲೆ ಅಲ್ಲಮ್ಮಾ. ಮಗಳಿಗೆ ಪಿಸಿಓಡಿಯೋ (ಅಂಡಾಶಯದ ಹಾರ್ಮೋನು ತೊಂದರೆ) ಶುಗರೋ ಇದ್ದು, ಅವಳೇ ಬೇಕು ಅಂದರೆ ಮಾತಾಡೋಣ. ಮಾಡಿಸಿದರೂ ಒಂದರಿಂದ ಒಂದೂವರೆ ವರ್ಷ ಬಸುರಿಯಾಗಬಾರದು. ತೂಕ ಇಳಿದಾಗ ಗರ್ಭ ನಿಲ್ಲುವುದು ಸುಲಭವಾಗುತ್ತದೆ, ಬೈಪಾಸ್ ಆದವರಲ್ಲಿ ಗರ್ಭನಿರೋಧಕ ಗುಳಿಗೆ ಸರಿಯಾಗಿ ಹತ್ತದೇ ಇರಬಹುದು. ಮದುವೆಯಾದ ಮೂರನೇ ತಿಂಗಳಿಗೆ "ಏನಾದ್ರೂ ವಿಶೇಷ ಇದೆಯಾ" ಅಂತ ಕೇಳುವ ಮನೆಗಳು ನಮ್ಮವು. ಇದನ್ನು ಹುಡುಗನ ಜೊತೆ ಮೊದಲೇ ಮಾತಾಡಬೇಕಾಗುತ್ತದೆ.

ಕುಡಿಯುವವರಿಗೂ ಒಂದು ಮಾತು. ಆಪರೇಷನ್ ನಂತರ ಹೆಂಡ ಬೇಗ ಏರುತ್ತದೆ, ಚಟವೂ ಬೇಗ ಹತ್ತುತ್ತದೆ. ಬೇಸರ ಆದಾಗ ತಿನ್ನುತ್ತಿದ್ದವರು ತಿನ್ನಲು ಆಗದೆ ಗ್ಲಾಸು ಹಿಡಿದದ್ದನ್ನು ನೋಡಿದ್ದೇನೆ. ಮೊದಲೇ ಖಿನ್ನತೆ ಇದ್ದವರು ಮನೋವೈದ್ಯರನ್ನು ನೋಡದೆ ಮುಂದುವರಿಯಬೇಡಿ. ಅದನ್ನು ಬರೀ ಸಹಿ ಹಾಕಿಸಿಕೊಳ್ಳುವ ಕಾಗದ ಅಂದುಕೊಳ್ಳುವವರು ಜಾಸ್ತಿ.

"ಈಗ ತೂಕ ಇಳಿಸುವ ಇಂಜೆಕ್ಷನ್ ಬಂದಿದೆಯಲ್ಲ?" ಈ ಪ್ರಶ್ನೆ ಬರದ ಸಭೆ ಈಗ ಇಲ್ಲ. ಮೌಂಜಾರೋ 2025ರ ಮಾರ್ಚ್‌ನಲ್ಲಿ, ವೆಗೋವಿ ಅದೇ ವರ್ಷ ಜೂನ್‌ನಲ್ಲಿ ನಮ್ಮ ದೇಶಕ್ಕೆ ಬಂದವು. ಪ್ರಯೋಗಗಳಲ್ಲಿ ವೆಗೋವಿಯಿಂದ ಸರಾಸರಿ ಶೇ. 15, ಮೌಂಜಾರೋದ ದೊಡ್ಡ ಡೋಸ್‌ನಿಂದ ಶೇ. 20ರ ಹತ್ತಿರ ತೂಕ ಇಳಿದಿದೆ. ಒಳ್ಳೆಯ ಔಷಧಿಗಳೇ. ಆದರೆ ವೆಗೋವಿ ನಿಲ್ಲಿಸಿದವರಲ್ಲಿ ಒಂದು ವರ್ಷದಲ್ಲಿ ಇಳಿದ ತೂಕದ ಮೂರನೇ ಎರಡು ಭಾಗ ವಾಪಸ್ ಬಂತು. ಬಿಎಂಐ 30ರ ಆಸುಪಾಸಿನವರು ಮೊದಲು ಇದನ್ನು ಡಾಕ್ಟರ್ ಕಣ್ಣಮುಂದೆ ನೋಡಬಹುದು. 42, 45 ಇದ್ದು ಶುಗರ್, ಅಪ್ನಿಯಾ ಎಲ್ಲ ಇರುವವರಿಗೆ ಇವತ್ತಿಗೂ ಆಪರೇಷನ್ನೇ ಹೆಚ್ಚು ಬಲ ಅಂತ ನನ್ನ ಅಭಿಪ್ರಾಯ.

ದುಡ್ಡು. ಲಕ್ಷಗಳ ಮಾತು. ವಿಮಾ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐ ನಿಯಮದ ಪ್ರಕಾರ ವಿಮೆ ಸಿಗಬೇಕಾದರೆ ಬಿಎಂಐ 40 ಇರಬೇಕು, ಅಥವಾ 35 ಇದ್ದು ಹೃದಯದ ಕಾಯಿಲೆ, ಜೋರಾದ ಸ್ಲೀಪ್ ಅಪ್ನಿಯಾ, ಹತೋಟಿಗೆ ಬಾರದ ಶುಗರ್‌ನಂಥದ್ದು ಇರಬೇಕು, ಬೇರೆ ದಾರಿಗಳು ಫಲಿಸಿರಬಾರದು. ಅಂದರೆ 32 ಇರುವವರಿಗೆ ಡಾಕ್ಟರ್ ಹೂಂ ಅಂದರೂ ವಿಮೆಯವರು ಊಹೂಂ ಅನ್ನಬಹುದು. ಹಳೇ ಡಯೆಟ್ ಚೀಟಿ, ಶುಗರ್ ರಿಪೋರ್ಟ್, ನಿದ್ರೆ ಪರೀಕ್ಷೆ ಎಲ್ಲ ಫೈಲ್ ಮಾಡಿಟ್ಟುಕೊಳ್ಳಿ. ಪ್ಯಾಕೇಜ್ ಹೇಳಿದಾಗ ಸ್ಟೇಪ್ಲರ್ (ಜಠರ ಕತ್ತರಿಸಿ ಹೊಲಿಗೆ ಹಾಕುವ ಸಾಧನ) ಸೇರಿದೆಯಾ, ತೊಂದರೆಯಾಗಿ ಮತ್ತೆ ಆಸ್ಪತ್ರೆಗೆ ಸೇರಿಸಬೇಕಾದರೆ ಯಾರ ಖರ್ಚು ಅಂತ ಕಾಗದದ ಮೇಲೆ ಬರೆಸಿಕೊಳ್ಳಿ. ತಿಂಗಳ ಮಾತ್ರೆ, ಪುಡಿಯ ಖರ್ಚು ಪ್ಯಾಕೇಜ್‌ನಲ್ಲಿ ಇರುವುದಿಲ್ಲ.

ಸರ್ಜನ್‌ಗೆ ಏನು ಕೇಳಬೇಕು? ವರ್ಷಕ್ಕೆ ಎಷ್ಟು ಮಾಡುತ್ತೀರಿ, ರಾತ್ರಿ ತೊಂದರೆಯಾದರೆ ಯಾರು ಫೋನ್ ಎತ್ತುತ್ತಾರೆ, ನನಗೆ ಸ್ಲೀವ್ ಯಾಕೆ, ಬೈಪಾಸ್ ಯಾಕಲ್ಲ. ಕೊನೆಗೆ, ಐದು ವರ್ಷ ಆದ ಇಬ್ಬರ ಜೊತೆ, ಅವರು ಒಪ್ಪಿದರೆ, ಮಾತಾಡಿಸುತ್ತೀರಾ. ಆರು ತಿಂಗಳಾದವರನ್ನು ತೋರಿಸಿದರೆ ಚಹಾ ಕುಡಿದು ಎದ್ದು ಬನ್ನಿ.

ಕೊನೆಯ ಪ್ರಶ್ನೆ ಚೀಟಿಯಲ್ಲಿ ಬಂತು. "ಮಾಡಿಸುವುದು ಅಂತ ತೀರ್ಮಾನ ಆಗಿದೆ. ಯಾರಿಗೆ ಹೇಳಬೇಕು?" ಮನೆಯಲ್ಲಿ ಅಡುಗೆ ಮಾಡುವವರಿಗೆ ಹೇಳಿ, ಅದು ಹೆಂಡತಿಯಿರಲಿ, ಅತ್ತೆಯಿರಲಿ, ಅಡುಗೆ ಕೆಲಸದವರಿರಲಿ. ರಾತ್ರಿ ಎರಡು ಗಂಟೆಗೆ ಆಸ್ಪತ್ರೆಗೆ ಕರೆದುಕೊಂಡು ಹೋಗುವವರು ಯಾರೋ ಅವರಿಗೆ ಹೇಳಿ. ಮುಂದೆ ನೋಡುವ ಪ್ರತಿಯೊಬ್ಬ ಡಾಕ್ಟರ್‌ಗೂ ಹೇಳಿ, ಹಲ್ಲಿನ ಡಾಕ್ಟರ್‌ಗೂ, ಇಲ್ಲದಿದ್ದರೆ ಅವರು ಹಲ್ಲು ಕಿತ್ತು ಡೈಕ್ಲೋಫೆನಾಕ್ ಬರೆದುಕೊಡುತ್ತಾರೆ. ಮಿಕ್ಕವರಿಗೆ "ಡಯೆಟ್ ಮಾಡ್ತಿದೀನಿ" ಅನ್ನಿ. ಅದು ಸುಳ್ಳೂ ಅಲ್ಲ.